ಬಯಲುಸೀಮೆಯ ಹಿತ್ತಿಲಲ್ಲಿ ಬಾತು: ಕಾವಿಗೆ ಕೂರುವವರು ಯಾರು?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ನಾಟಿಕೋಳಿ ಇಲ್ಲದ ಊರು ಸಿಗುವುದು ಕಷ್ಟ. ಬಾತುಕೋಳಿ ಇರುವ ಮನೆ ಸಿಗುವುದೂ ಅಷ್ಟೇ ಕಷ್ಟ. ಮಳೆ ಕಡಿಮೆ, ಬಿಸಿಲು ಹೆಚ್ಚು, ಕೆರೆಗಳು ತುಂಬುವ ವರ್ಷಕ್ಕಿಂತ ಒಣಗುವ ವರ್ಷಗಳೇ ಜಾಸ್ತಿ. ಹಾಗಾಗಿ ಬಾತು ನಮ್ಮ ಸೀಮೆಯದಲ್ಲ, ಅದು ಗದ್ದೆ ಬಯಲಿನವರ ಸೊತ್ತು ಎಂದು ಜನ ಬಿಟ್ಟುಬಿಟ್ಟಿದ್ದಾರೆ. 2019ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಎಣಿಸಿದ ಬಾತುಗಳು ಸುಮಾರು 3.35 ಕೋಟಿ. ಅವುಗಳಲ್ಲಿ ದೊಡ್ಡ ಪಾಲು ಪಶ್ಚಿಮ ಬಂಗಾಳ, ಅಸ್ಸಾಂನಂಥ ನೀರಿನ ನಾಡುಗಳದು.

ಆದರೂ ಇಲ್ಲಿ ಬಾತು ಸಾಕುವವರಿದ್ದಾರೆ, ಸಾಕಬೇಕೆಂಬ ಆಸೆಯವರೂ ಇದ್ದಾರೆ. 1907ರಲ್ಲಿ ಮುಗಿದ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿತ್ತು. 2025ರ ಜನವರಿಯಲ್ಲಿ ಮತ್ತೆ ತುಂಬಿ ಹರಿಯಿತು. ಅಡಿಕೆ, ತೆಂಗಿನ ತೋಟಗಳೂ ಹೊಲಗಳಲ್ಲಿ ಕೃಷಿ ಹೊಂಡಗಳೂ ಈಗ ಹೆಚ್ಚಿವೆ. ಬಸವನಹುಳು, ಗೆದ್ದಲು, ಕಳೆ ತಿಂದು ಮೊಟ್ಟೆ ಕೊಡುವ ಬಾತು ಇಂಥ ತೋಟಗಳಿಗೆ ಸಲ್ಲುವ ಹಕ್ಕಿ.

ಮರಿ ತಂದವರ ಅನುಭವ ಸಾಮಾನ್ಯವಾಗಿ ಒಂದೇ ಬಗೆಯದು. ಮರಿಗಳು ಬೆಳೆಯುತ್ತವೆ, ಐದನೇ ತಿಂಗಳಿಗೆ ಮೊಟ್ಟೆಗೆ ಬರುತ್ತವೆ, ಒಂದೆರಡು ವರ್ಷ ಚೆನ್ನಾಗಿ ಇಡುತ್ತವೆ. ಆಮೇಲೆ ನಾಯಿ, ಮುಂಗುಸಿ, ರೋಗ, ಮುಪ್ಪಿನ ಪಾಲಾಗಿ ಒಂದೊಂದೇ ಇಲ್ಲವಾಗುತ್ತವೆ. ಅವುಗಳ ಜಾಗಕ್ಕೆ ಮನೆಯಲ್ಲೇ ಹುಟ್ಟಿದ ಮರಿ ಬರುವುದಿಲ್ಲ. ಬಾತುಸಾಕಣೆ ಇಲ್ಲಿ ನೆಲೆಗೊಳ್ಳದಿರಲು ನೀರಿನ ಕೊರತೆಗಿಂತ ಸಂತಾನ ಮುಂದುವರಿಯದಿರುವುದೇ ದೊಡ್ಡ ಕಾರಣ ಎಂದು ನಾನು ನಂಬಿದ್ದೇನೆ. ಹಾಗಾಗಿ ಜೋಡಿ ಕೂಡುವುದರಿಂದ ಹಿಡಿದು ಮರಿ ಕಾಲೂರುವವರೆಗಿನ ಇಡೀ ವಿಷಯವನ್ನು ಇಲ್ಲಿ ಒಟ್ಟಾಗಿ ನೋಡಬೇಕಿದೆ.

ಕಾವು ಮರೆತ ತಳಿಗಳು

ನಮ್ಮಲ್ಲಿ ಸಾಕುವ ಬಾತುಗಳು ಎರಡು ಬೇರೆ ಮೂಲದವು. ಖಾಕಿ ಕ್ಯಾಂಪ್‌ಬೆಲ್, ಬಿಳಿ ಪೆಕಿನ್, ಇಂಡಿಯನ್ ರನ್ನರ್ ಮತ್ತು ದೇಸಿ ಬಾತುಗಳ ಪೂರ್ವಜ ಮಲ್ಲಾರ್ಡ್ ಎಂಬ ಕಾಡುಬಾತು. ಮುಖದ ಮೇಲೆ ಕೆಂಪು ಗಂಟು ಚರ್ಮವಿರುವ ಮಸ್ಕೋವಿ ದಕ್ಷಿಣ ಅಮೆರಿಕ ಮೂಲದ ಬೇರೆಯೇ ಜಾತಿ. ಈ ವ್ಯತ್ಯಾಸ ಗೊತ್ತಿಲ್ಲದೆ ಬಾತು ಸಾಕಲು ಹೊರಟರೆ ಮೊದಲ ಹೆಜ್ಜೆಯೇ ತಪ್ಪುತ್ತದೆ.

ಖಾಕಿ ಕ್ಯಾಂಪ್‌ಬೆಲ್ ತಳಿಯನ್ನು ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನ ಅಡೆಲ್ ಕ್ಯಾಂಪ್‌ಬೆಲ್ ಎಂಬ ಮಹಿಳೆ ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ರೂಪಿಸಿದರು. ಒಳ್ಳೆಯ ಮೇವು, ಆರೈಕೆ ಸಿಕ್ಕರೆ ಅದು ವರ್ಷಕ್ಕೆ ಮುನ್ನೂರರ ಹತ್ತಿರ ಮೊಟ್ಟೆ ಇಡಬಲ್ಲದು. ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿರುವ ಕೇಂದ್ರ ಸರ್ಕಾರದ ಕುಕ್ಕುಟ ಅಭಿವೃದ್ಧಿ ಸಂಸ್ಥೆ ಬೆಳೆಸುತ್ತ ಬಂದಿರುವ ಬಾತುಗಳು ಈ ಖಾಕಿ ಕ್ಯಾಂಪ್‌ಬೆಲ್ ಮತ್ತು ಮಾಂಸಕ್ಕೆ ಹೆಸರಾದ ಬಿಳಿ ಪೆಕಿನ್. ಆದರೆ ಮುನ್ನೂರು ಮೊಟ್ಟೆಗೆ ತೆತ್ತ ಬೆಲೆ ಕಾವು. ಹಕ್ಕಿ ಕಾವಿಗೆ ಕೂತಾಗ ಮೆದುಳಿನ ಬುಡದ ಪಿಟ್ಯೂಟರಿ ಗ್ರಂಥಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸುರಿಸುತ್ತದೆ. ಅದರಿಂದ ಅಂಡಾಶಯ ಕುಗ್ಗಿ ಮೊಟ್ಟೆ ನಿಲ್ಲುತ್ತದೆ. ಮೊಟ್ಟೆ ನಿಲ್ಲಿಸದ ಹಕ್ಕಿಗಳನ್ನೇ ತಲೆಮಾರುಗಟ್ಟಲೆ ಆರಿಸುತ್ತ ಹೋದವರು ತಮಗೆ ಅರಿವಿಲ್ಲದೆಯೇ ಕಾವಿಗೆ ಕೂರದ ಹಕ್ಕಿಗಳನ್ನು ಆರಿಸಿದರು. ಅದಕ್ಕೇ ಖಾಕಿ ಕ್ಯಾಂಪ್‌ಬೆಲ್ ಕಂಡಕಂಡಲ್ಲಿ ಮೊಟ್ಟೆ ಉದುರಿಸಿ ನಡೆದುಬಿಡುತ್ತದೆ. ಪೆಕಿನ್ ಕೆಲವೊಮ್ಮೆ ಕೂತರೂ ಅರ್ಧಕ್ಕೆ ಎದ್ದುಬಿಡುವುದೇ ಹೆಚ್ಚು.

ಮಸ್ಕೋವಿಯದು ಇದಕ್ಕೆ ತಿರುಗುಮುರುಗು. ಮೊಟ್ಟೆ ಕಡಿಮೆ, ತಾಯ್ತನ ಹೆಚ್ಚು. ಹನ್ನೆರಡು ಹದಿನೈದು ಮೊಟ್ಟೆ ಇಟ್ಟು ಕೂತಿತೆಂದರೆ ಏಳುವುದಿಲ್ಲ. ವರ್ಷಕ್ಕೆ ಎರಡು ಮೂರು ಸಲ ಮರಿ ತೆಗೆಯಬಲ್ಲದು. ಗದ್ದಲವಿಲ್ಲದ ಹಕ್ಕಿ, ಈಜುನೀರು ಕಡಿಮೆಯಿದ್ದರೂ ಹೊಂದಿಕೊಳ್ಳುತ್ತದೆ. ಬಯಲುಸೀಮೆಯ ಹಿತ್ತಿಲಿಗೆ ಇದಕ್ಕಿಂತ ತಕ್ಕ ಬಾತಿಲ್ಲ. ಎರಡೂ ಜಾತಿಗಳನ್ನು ಒಟ್ಟಿಗೆ ಬಿಟ್ಟರೆ ಮಾತ್ರ ತೊಂದರೆ. ಮಸ್ಕೋವಿ ಗಂಡು ಮಿಕ್ಕ ಬಾತುಗಳ ಮೇಲೇರಿ ಹುಟ್ಟುವ ಮಿಶ್ರ ಮರಿಗಳು ಮಾಂಸಕ್ಕೆ ಆದಾವು, ಸಂತಾನಕ್ಕೆ ಆಗವು.

ಒಂದು ಗಂಡಿಗೆ ಎಷ್ಟು ಹೆಣ್ಣು?

ಮರಿ ತರುವಾಗ ಗಂಡು ಹೆಣ್ಣು ಗುರುತಿಸುವುದು ನುರಿತವರ ಕೆಲಸ. ಆರೆಂಟು ವಾರ ಕಳೆದರೆ ಕಿವಿಯೇ ಹೇಳುತ್ತದೆ: ಜೋರಾಗಿ ಕ್ವ್ಯಾಕ್ ಎನ್ನುವುದು ಹೆಣ್ಣು, ಗಂಟಲು ಕಟ್ಟಿದಂತೆ ಸಣ್ಣಗೆ ಕರೆಯುವುದು ಗಂಡು. ಪುಕ್ಕ ಬಲಿತ ಮೇಲೆ ಗಂಡಿನ ಬಾಲದ ಮೇಲೆ ಎರಡು ಮೂರು ಗರಿ ಸುರುಳಿ ಸುತ್ತಿಕೊಳ್ಳುತ್ತವೆ. ಮಸ್ಕೋವಿಯಲ್ಲಿ ದನಿಯಿಂದ ತಿಳಿಯದು, ಗಾತ್ರದಿಂದ ತಿಳಿಯುತ್ತದೆ. ಗಂಡು ಹೆಣ್ಣಿನ ಎರಡರಷ್ಟು ತೂಗುತ್ತದೆ.

ಮರಿ ಬೇಕೆನ್ನುವವರು ಹಗುರ ತಳಿಯಲ್ಲಿ ಆರೇಳು ಹೆಣ್ಣಿಗೆ ಒಂದು ಗಂಡು, ಪೆಕಿನ್‌ನಂಥ ಭಾರದ ತಳಿಯಲ್ಲಿ ನಾಲ್ಕೈದಕ್ಕೆ ಒಂದು ಇಟ್ಟುಕೊಂಡರೆ ಸಾಕು. ಗಂಡಿಗೆ ಆರು ತಿಂಗಳು ತುಂಬುವ ಮೊದಲಿನ ಮೊಟ್ಟೆಗಳನ್ನು ಕಾವಿಗೆ ನೆಚ್ಚಬಾರದು. ಮೊಟ್ಟೆಗಷ್ಟೇ ಸಾಕುವವರಿಗೆ ಗಂಡು ಬೇಕಾಗಿಯೇ ಇಲ್ಲ.

ಜೋಡಿ ಕೂಡುವ ಕ್ರಮ ಗೊತ್ತಿದ್ದರೆ ಸರಸ ಯಾವುದು, ಹಿಂಸೆ ಯಾವುದು ಎಂದು ಬೇರ್ಪಡಿಸಬಹುದು. ಒಪ್ಪಿದ ಜೋಡಿ ಎದುರು ಬದುರು ನಿಂತು ತಲೆಯನ್ನು ಮೇಲೆ ಕೆಳಗೆ ಆಡಿಸುತ್ತದೆ. ಹೆಣ್ಣು ಮೈ ಚಪ್ಪಟೆ ಮಾಡಿ ನೀರಿಗೆ ಒರಗುತ್ತದೆ. ಗಂಡು ಬೆನ್ನೇರಿ ಹೆಡಕಿನ ಗರಿ ಕಚ್ಚಿ ಹಿಡಿಯುತ್ತದೆ. ಕೆಲವೇ ಕ್ಷಣಗಳಲ್ಲಿ ಎಲ್ಲ ಮುಗಿದು ಹೆಣ್ಣು ರೆಕ್ಕೆ ಬಡಿದು ಸ್ನಾನ ಮಾಡುತ್ತದೆ. ಗಂಡುಗಳು ಹೆಚ್ಚಾದ ಹಿಂಡಿನಲ್ಲಿ ಈ ಒಪ್ಪಿಗೆಯ ಹಂತವೇ ಇರುವುದಿಲ್ಲ. ಎರಡು ಮೂರು ಗಂಡು ಒಂದೇ ಹೆಣ್ಣನ್ನು ಅಟ್ಟಿಸಿಕೊಂಡು ಹೋಗಿ ಒಂದಾದ ಮೇಲೊಂದು ಎರಗುತ್ತವೆ. ಹೆಡಕಿನ ಗರಿ ಕಿತ್ತು ಚರ್ಮ ಕಾಣುವುದು, ಕಣ್ಣಿಗೆ ಗಾಯ, ಕುಂಟು ನಡಿಗೆ, ನೀರಿನಲ್ಲಿ ಉಸಿರುಗಟ್ಟಿ ಸಾವು, ಇವೆಲ್ಲ ಅದರ ಫಲ.

ಕಾಡುಬಾತುಗಳಲ್ಲೂ ಈ ಬಲಾತ್ಕಾರ ಇದೆ. ಪೆಟ್ರಿಷಿಯಾ ಬ್ರೆನನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಆಳವನ್ನು ತೋರಿಸಿತು. ಹೆಚ್ಚಿನ ಹಕ್ಕಿಗಳಿಗಿಲ್ಲದ ಸುರುಳಿಯಾಕಾರದ ಅಂಗ ಗಂಡುಬಾತಿಗಿದೆ. ಬಲಾತ್ಕಾರ ಹೆಚ್ಚಿರುವ ಜಾತಿಗಳಲ್ಲಿ ಹೆಣ್ಣಿನ ಅಂಡನಾಳ ಅದಕ್ಕೆ ಎದುರು ದಿಕ್ಕಿಗೆ ಸುತ್ತಿಕೊಂಡು, ಕುರುಡು ಕವಲುಗಳನ್ನೂ ಬೆಳೆಸಿಕೊಂಡಿದೆ. ಯಾವ ಗಂಡಿನಿಂದ ಮರಿ ಆಗಬೇಕು ಎಂಬುದನ್ನು ಒಂದಿಷ್ಟಾದರೂ ತನ್ನ ಕೈಯಲ್ಲಿಟ್ಟುಕೊಳ್ಳಲು ಹೆಣ್ಣು ಹೂಡಿದ ತಡೆ ಅದು. ಕೆರೆ ಬಯಲಿನಲ್ಲಿ ಹೆಣ್ಣಿಗೆ ಓಡಿಹೋಗಲು ಜಾಗವಾದರೂ ಇರುತ್ತದೆ. ನಾಲ್ಕು ಗೋಡೆಯ ಹಿತ್ತಿಲಲ್ಲಿ ಅದೂ ಇಲ್ಲ. ಅಲ್ಲಿ ಅವಳನ್ನು ಕಾಪಾಡುವ ಹೊಣೆ ಸಾಕುವವರದು, ದಾರಿ ಒಂದೇ: ಹೆಚ್ಚುವರಿ ಗಂಡುಗಳನ್ನು ಹಿಂಡಿನಿಂದ ತೆಗೆಯುವುದು.

ಇದೇ ಕಾರಣಕ್ಕೆ ಬಲಿತ ಗಂಡುಬಾತನ್ನು ಕೋಳಿಗಳ ಜೊತೆ ಕೂಡಬಾರದು. ಹುಂಜಕ್ಕೆ ಇಂಥ ಅಂಗವಿಲ್ಲ, ಹೇಟೆಯ ಮೈ ಅದಕ್ಕೆ ಸಿದ್ಧವಾಗಿಲ್ಲ. ಬಾತು ಏರಿದರೆ ಹೇಟೆಗೆ ಒಳಗಾಯವಾಗಿ ಸತ್ತೇಹೋಗಬಹುದು. ಹೇಟೆಯ ಕೈಯಲ್ಲಿ ಬೆಳೆದ ಗಂಡುಬಾತಿಗೆ ಕೋಳಿಗಳ ಕಡೆಗೇ ಒಲವು ಬರುವುದುಂಟು. ಆದ್ದರಿಂದ ಎಂಟು ಹತ್ತು ವಾರ ಆಗುತ್ತಲೇ ಅವನ್ನು ಬಾತುಗಳ ಜೊತೆಗೆ ಬಿಡಬೇಕು.

ಭಾರದ ತಳಿಗಳು ನೀರಿನಲ್ಲಿ ಸುಲಭವಾಗಿ ಕೂಡುತ್ತವೆ, ಹಗುರ ತಳಿಗಳು ನೆಲದ ಮೇಲೂ ಕೂಡುತ್ತವೆ. ಕೆರೆಯೇ ಬೇಕೆಂದಿಲ್ಲ. ಒಂದೂವರೆ ಅಡಿ ಅಗಲ, ಅರ್ಧ ಅಡಿಗಿಂತ ತುಸು ಆಳದ ಸಿಮೆಂಟ್ ಕಾಲುವೆಯೋ ನೆಲದಲ್ಲಿ ಹೂತ ಸಿಮೆಂಟ್ ತೊಟ್ಟಿಯೋ ಸಾಕು. ಹಳೆ ನೀರನ್ನು ತೆಂಗಿನ ಬುಡಕ್ಕೆ ಬಿಟ್ಟರೆ ಅದೇ ಗೊಬ್ಬರ. ಕುಡಿಯುವ ನೀರು ಮಾತ್ರ ಕೊಕ್ಕು ಮೂಗಿನ ಹೊಳ್ಳೆಯವರೆಗೆ ಮುಳುಗುವಷ್ಟು ಆಳವಿರಬೇಕು. ಇಲ್ಲವಾದರೆ ಹೊಳ್ಳೆ, ಕಣ್ಣು ಕಟ್ಟಿಕೊಳ್ಳುತ್ತವೆ.

ಕಾವಿಗೆ ಮುನ್ನ ಮೊಟ್ಟೆ

ಬಾತುಗಳು ಬಹುಪಾಲು ಮೊಟ್ಟೆ ಇಡುವುದು ಬೆಳಗಿನ ಜಾವದಿಂದ ಒಂಬತ್ತು ಗಂಟೆಯೊಳಗೆ. ಅಲ್ಲಿಯವರೆಗೆ ಗೂಡಿನಲ್ಲೇ ಕೂಡಿಟ್ಟರೆ ಮೊಟ್ಟೆ ಕೆಸರು, ಕಾಗೆ, ನಾಯಿಯ ಪಾಲಾಗುವುದಿಲ್ಲ. ಮೂರು ಹೆಣ್ಣಿಗೆ ಒಂದರಂತೆ ಅಡಿಯಷ್ಟು ಅಗಲದ ಗೂಡುಪೆಟ್ಟಿಗೆ ಇಟ್ಟು ಒಣಹುಲ್ಲು ಹಾಸಬೇಕು. ಕಾವಿಗೆ ಇಡುವ ಮೊಟ್ಟೆ ಮಧ್ಯಮ ಗಾತ್ರದ್ದು, ಬಿರುಕಿಲ್ಲದ್ದು, ಕೊಳೆ ಅಂಟದ್ದು ಆಗಿರಲಿ.

ಗಂಡನ್ನು ಹೊಸದಾಗಿ ಬಿಟ್ಟಿದ್ದರೆ ಹತ್ತು ದಿನ ಕಾದು ಆಮೇಲೆ ಮೊಟ್ಟೆ ಕೂಡಿಡುವುದು ಒಳ್ಳೆಯದು. ಗಂಡನ್ನು ತೆಗೆದ ಮೇಲೂ ಹೆಣ್ಣಿನ ಒಡಲಲ್ಲಿ ವೀರ್ಯ ಒಂದು ವಾರದಷ್ಟು ಉಳಿದು ಫಲ ಕೊಡುತ್ತದೆ. ತಳಿ ಬದಲಿಸುವವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ನಮ್ಮ ಬಿಸಿಲಿನ ದೊಡ್ಡ ಹಾನಿ ಇರುವುದು ಈ ಹಂತದಲ್ಲಿ. ಕೂಡಿಟ್ಟ ಮೊಟ್ಟೆ ಏಳು ದಿನದೊಳಗೆ ಕಾವಿಗೆ ಹೋಗಬೇಕು, ಅಲ್ಲಿಯವರೆಗೆ ತಂಪಿನಲ್ಲಿರಬೇಕು. ಏಪ್ರಿಲ್ ತಿಂಗಳಿನಲ್ಲಿ ಹಿರಿಯೂರಿನ ಶೀಟಿನ ಮನೆಯೊಳಗೆ ಮಧ್ಯಾಹ್ನದ ಶಾಖಕ್ಕೆ ಮೊಟ್ಟೆಯೊಳಗಿನ ಜೀವ ಅರೆಬರೆ ಬೆಳೆಯಲು ತೊಡಗುತ್ತದೆ, ರಾತ್ರಿ ತಂಪಿಗೆ ನಿಲ್ಲುತ್ತದೆ, ಮರುದಿನ ಮತ್ತೆ ತೊಡಗುತ್ತದೆ. ಹೀಗೆ ದಣಿದ ಭ್ರೂಣ ಕಾವಿಗೆ ಕೂರಿಸಿದ ಮೊದಲ ವಾರದಲ್ಲೇ ಸಾಯುತ್ತದೆ. ಜನ ಆಗ ದೂರುವುದು ಗಂಡನ್ನೋ ಕಾವಿಗೆ ಕೂತ ಹೇಟೆಯನ್ನೋ. ಹಸಿ ಮರಳಿನ ಮೇಲೆ ಮಣ್ಣಿನ ಮಡಕೆ ಇಟ್ಟು, ಬಾಯಿಗೆ ಒದ್ದೆ ಬಟ್ಟೆ ಕಟ್ಟಿ, ಒಳಗೆ ಚೂಪು ತುದಿ ಕೆಳಮುಖವಾಗಿ ಮೊಟ್ಟೆ ಜೋಡಿಸುವುದು ಬಡವರ ಫ್ರಿಜ್ಜು. ನೀರು ಮೊಟ್ಟೆಗೆ ತಾಗಬಾರದು ಅಷ್ಟೆ.

ಮೂರು ವಾರ, ನಾಲ್ಕು ವಾರ, ಐದು ವಾರ

ಕೋಳಿಮೊಟ್ಟೆಗೆ 21 ದಿನ, ಬಾತಿನ ಮೊಟ್ಟೆಗೆ 28 ದಿನ, ಮಸ್ಕೋವಿ ಮೊಟ್ಟೆಗೆ 35 ದಿನ ಕಾವು ಬೇಕು. ಈ ಮೂರು ಅಂಕಿಗಳೇ ಇಡೀ ವಿಷಯದ ಕೀಲಿ.

ಖಾಕಿ ಕ್ಯಾಂಪ್‌ಬೆಲ್ ಮೊಟ್ಟೆಗೆ ನಮ್ಮ ಹಳ್ಳಿಗಳಲ್ಲಿ ಸುಲಭವಾಗಿ ಸಿಗುವ ತಾಯಿ ನಾಟಿ ಹೇಟೆ. ಅದು ತನ್ನ ಮೊಟ್ಟೆಗೆ ಕೂರುವುದಕ್ಕಿಂತ ಒಂದು ವಾರ ಹೆಚ್ಚು ಕೂರಬೇಕಾಗುತ್ತದೆ. ಹಾಗಾಗಿ ಈಗಷ್ಟೇ ಕಾವು ಹಿಡಿದ, ಹಿಂದೆ ಮರಿ ತೆಗೆದು ಪಳಗಿದ ಹೇಟೆಯನ್ನೇ ಆರಿಸಬೇಕು. ಹತ್ತು ದಿನ ಬರಿಗೂಡಿನಲ್ಲಿ ಕೂತು ದಣಿದ ಹೇಟೆಯ ಕೆಳಗೆ ಬಾತಿನ ಮೊಟ್ಟೆ ಇಟ್ಟರೆ ಅದು ಮರಿ ಬರುವ ಮುನ್ನ ಎದ್ದುಹೋದೀತು. ಕೋಳಿಮೊಟ್ಟೆ ಹನ್ನೆರಡು ಹದಿನೈದು ಮುಚ್ಚಬಲ್ಲ ಹೇಟೆಗೆ ಬಾತಿನ ಮೊಟ್ಟೆ ಎಂಟು ಹತ್ತು ಸಾಕು. ಕೂರಿಸುವ ಮುನ್ನ ಹೇನು, ಉಣ್ಣೆ ನೋಡಿ ಶುಚಿ ಮಾಡಬೇಕು. ಮಂಕರಿಯಲ್ಲಿ ಮರಳು, ಅದರ ಮೇಲೆ ಹುಲ್ಲು ಹಾಸಿ, ಮಬ್ಬು ಬೆಳಕಿನ ಮೂಲೆಯಲ್ಲಿಟ್ಟು ಹತ್ತಿರದಲ್ಲೇ ಕಾಳು, ನೀರು ಇಡಬೇಕು. ಗುಡುಗಿಗೆ ಮೊಟ್ಟೆ ಕೆಡುತ್ತದೆಂದು ಮಂಕರಿಯಲ್ಲಿ ಕಬ್ಬಿಣದ ಚೂರೋ ಇದ್ದಿಲೋ ಇಡುವ ರೂಢಿಯಿಂದ ಹಾನಿಯಿಲ್ಲ. ಆದರೆ ಮೊಟ್ಟೆ ಕೆಡಿಸುವುದು ಗುಡುಗಲ್ಲ, ಒಣಹವೆ.

ತೇವದ ಮಾತು ಇಲ್ಲಿ ಬರುತ್ತದೆ. ಕಾವಿಗೆ ಕೂತ ತಾಯಿಬಾತು ದಿನಕ್ಕೊಮ್ಮೆ ಎದ್ದು, ಮೇವು ತಿಂದು, ನೀರಿಗಿಳಿದು, ಒದ್ದೆ ಮೈಯಲ್ಲೇ ಮತ್ತೆ ಬಂದು ಕೂರುತ್ತದೆ. ಬಾತಿನ ಮೊಟ್ಟೆ ಒಗ್ಗಿರುವುದು ಆ ತೇವಕ್ಕೆ. ಹೇಟೆ ಒಣಮೈಯವಳು. ಆದ್ದರಿಂದ ಮೊದಲ ವಾರ ಕಳೆದ ಮೇಲೆ ದಿನಕ್ಕೊಮ್ಮೆ, ಹೇಟೆ ಮೇವಿಗೆ ಎದ್ದಾಗ, ಉಗುರುಬೆಚ್ಚಗಿನ ನೀರನ್ನು ಮೊಟ್ಟೆಗಳ ಮೇಲೆ ತೆಳುವಾಗಿ ಚಿಮುಕಿಸಬೇಕು. ದೊಡ್ಡ ಮೊಟ್ಟೆಗಳನ್ನು ಹೇಟೆ ಸರಿಯಾಗಿ ಹೊರಳಿಸದಿದ್ದರೆ ಕೈಯಿಂದ ಹೊರಳಿಸಬೇಕು. ಏಳೆಂಟನೇ ದಿನ ಕತ್ತಲೆಯಲ್ಲಿ ರಟ್ಟಿನ ತೂತಿನ ಮೂಲಕ ಮೊಬೈಲ್ ಟಾರ್ಚ್ ಹಿಡಿದು ನೋಡಿದರೆ ಫಲ ಕಟ್ಟಿದ ಮೊಟ್ಟೆಯಲ್ಲಿ ಕೆಂಪು ನರಗಳ ಬಲೆ ಕಾಣುತ್ತದೆ. ಬರಿದಾಗಿ ತಿಳಿಯಾಗಿರುವುದನ್ನೂ ನರವಿಲ್ಲದೆ ಕೆಂಪು ಉಂಗುರ ಮಾತ್ರ ಉಳಿದಿರುವುದನ್ನೂ ತೆಗೆಯಬೇಕು. ಕೊಳೆತ ಮೊಟ್ಟೆ ಒಡೆದರೆ ಇಡೀ ಗೂಡು ಕೆಡುತ್ತದೆ.

ಮಸ್ಕೋವಿ ಕೂತರೆ ಇಷ್ಟು ಕೆಲಸವಿಲ್ಲ. ಎದೆಯ ತುಪ್ಪುಳ ಕಿತ್ತು ಗೂಡಿಗೆ ಹಾಸುವುದು, ಹತ್ತಿರ ಹೋದರೆ ಬುಸುಗುಟ್ಟುವುದು, ಎದ್ದಾಗ ದೊಡ್ಡದಾಗಿ ದುರ್ವಾಸನೆಯ ಹಿಕ್ಕೆ ಹಾಕುವುದು ಕಾವು ಗಟ್ಟಿಯಾಗಿ ಹಿಡಿದ ಗುರುತು. ಬೇರೆ ಹೆಣ್ಣುಗಳು ಅದೇ ಗೂಡಿನಲ್ಲಿ ಹೊಸ ಮೊಟ್ಟೆ ಇಡದಂತೆ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಕೆಲವು ಮರಿ ಮೊದಲು ಬಂದು ತಾಯಿ ಎದ್ದುಹೋಗುತ್ತದೆ, ಉಳಿದ ಮೊಟ್ಟೆಗಳು ತಣ್ಣಗಾಗುತ್ತವೆ. ಕಾವಿಗೆ ಇಟ್ಟ ಮೊಟ್ಟೆಗೆ ಪೆನ್ಸಿಲ್ ಗುರುತು ಹಾಕಿಟ್ಟರೆ ಹೊಸದನ್ನು ದಿನವೂ ತೆಗೆಯಬಹುದು.

ಯಂತ್ರದಲ್ಲಿ ಇಡುವವರು 37.5 ಡಿಗ್ರಿ ಸೆಲ್ಸಿಯಸ್ ಶಾಖ, ಶೇಕಡಾ 55ರಿಂದ 60ರಷ್ಟು ತೇವ ಕಾಯ್ದುಕೊಂಡು, ಕೊನೆಯ ಮೂರು ದಿನ ಹೊರಳಿಸುವುದು ನಿಲ್ಲಿಸಿ ತೇವವನ್ನು ಶೇಕಡಾ 75ರವರೆಗೆ ಏರಿಸಬೇಕು. ನಮ್ಮ ಹಳ್ಳಿಗಳ ವಿದ್ಯುತ್ತಿನ ಸ್ಥಿತಿಯಲ್ಲಿ ಹತ್ತು ಮೊಟ್ಟೆಗೆ ಯಂತ್ರಕ್ಕಿಂತ ಹೇಟೆಯೇ ನಂಬಿಗಸ್ತ.

ಕಾವು ಬೇಡವಾದಾಗ ಬಿಡಿಸುವುದೂ ಒಂದು ಕಲೆ. ಮೊಟ್ಟೆಯಿಲ್ಲದೆ ವಾರಗಟ್ಟಲೆ ಕೂತ ಹಕ್ಕಿ ಸೊರಗುತ್ತದೆ. ಅದನ್ನು ಹುಲ್ಲಿಲ್ಲದ, ಕೆಳಗಿನಿಂದ ಗಾಳಿಯಾಡುವ ಜಾಲರಿ ಪಂಜರದಲ್ಲಿ ಬೆಳಕಿನಲ್ಲಿ ಮೂರು ನಾಲ್ಕು ದಿನ ಇಟ್ಟು ಮೇವು, ನೀರು ಕೊಟ್ಟರೆ ಕಾವು ಇಳಿಯುತ್ತದೆ. ಮೂಗಿಗೆ ಗರಿ ಚುಚ್ಚುವುದು, ಉಪವಾಸ ಕೆಡವುವುದು ಕ್ರೌರ್ಯ. ಅದನ್ನು ಬಿಡಬೇಕು.

ಒಡೆದು ಬಂದ ಮೇಲೆ

ಬಾತಿನ ಮರಿ ಚಿಪ್ಪಿಗೆ ಮೊದಲ ಬಿರುಕು ಬಿಟ್ಟ ಮೇಲೆ ಪೂರ್ತಿ ಹೊರಬರಲು ಒಂದು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಈ ಹೊತ್ತಿನಲ್ಲಿ ಅದು ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತ, ಚಿಪ್ಪಿನ ಒಳಪೊರೆಯ ರಕ್ತವನ್ನು ಹೀರಿಕೊಳ್ಳುತ್ತ ಇರುತ್ತದೆ. ಕನಿಕರದಿಂದ ಚಿಪ್ಪು ಸುಲಿದರೆ ರಕ್ತ ಹರಿದು ಸಾಯುತ್ತದೆ. ಕಾಯುವುದೇ ಸಹಾಯ.

ಹುಟ್ಟಿದ ಮೊದಲ ದಿನ ಕಣ್ಣೆದುರು ಓಡಾಡುವುದನ್ನು ಬಾತಿನ ಮರಿ ತಾಯಿ ಎಂದು ಮನಸ್ಸಿಗೆ ಅಚ್ಚೊತ್ತಿಕೊಳ್ಳುತ್ತದೆ. 1973ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡ ಆಸ್ಟ್ರಿಯಾದ ಕಾನ್ರಾಡ್ ಲೊರೆನ್ಸ್ ಈ ನಡವಳಿಕೆಯನ್ನು ಹೆಬ್ಬಾತು ಮರಿಗಳಲ್ಲಿ ವಿವರವಾಗಿ ತೋರಿಸಿಕೊಟ್ಟರು. ಹಿತ್ತಿಲಿಗೂ ಇದು ಕೆಲಸಕ್ಕೆ ಬರುವ ತಿಳಿವು. ಹೇಟೆಯ ಕೆಳಗೆ ಹುಟ್ಟಿದ ಮರಿ ಹೇಟೆಯ ಹಿಂದೆಯೇ ಹೋಗುತ್ತದೆ. ಕೊಂಡುತಂದ ಮರಿಯನ್ನು ಹೇಟೆಗೆ ಒಪ್ಪಿಸಬೇಕಾದರೆ ಹುಟ್ಟಿದ ಒಂದು ದಿನದೊಳಗೆ, ರಾತ್ರಿ ಹೊತ್ತು, ಸದ್ದಿಲ್ಲದೆ ರೆಕ್ಕೆಯ ಕೆಳಗೆ ಸೇರಿಸಬೇಕು.

ಮೊದಲೆರಡು ವಾರ ಮರಿಯನ್ನು ಆಳದ ನೀರಿಗೆ ಬಿಡಬಾರದು. ತಾಯಿಬಾತು ಜೊತೆಗಿದ್ದರೆ ಅದರ ಮೈಕೆಳಗೆ ಬೆಚ್ಚಗಾಗುತ್ತವೆ, ಹೇಟೆಯ ಮರಿಗಳು ಮಾತ್ರ ತುಪ್ಪುಳ ತೊಯ್ದು ಚಳಿಗೆ ಸಾಯುತ್ತವೆ. ಪ್ಲಾಸ್ಟಿಕ್ ಹೊದಿಸಿದ ಕೃಷಿ ಹೊಂಡ ಇನ್ನೂ ಅಪಾಯ. ಇಳಿದ ಮರಿ ಜಾರುವ ಬದಿ ಹತ್ತಲಾರದೆ ದಣಿದು ಮುಳುಗುತ್ತದೆ. ಅಂಚಿಗೆ ಗೋಣಿಚೀಲವೋ ಬಿದಿರಿನ ಏಣಿಯೋ ಇಳಿಬಿಡದೆ ಬಾತನ್ನು ಹೊಂಡಕ್ಕೆ ಬಿಡುವುದು ಬೇಡ.

ಇನ್ನು ಮೇವು. ಈ ಜಿಲ್ಲೆಗೆ ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಇರುವುದು ಇಲ್ಲಿ. ಶೇಂಗಾ, ಮೆಕ್ಕೆಜೋಳ ನಮ್ಮ ಮುಖ್ಯ ಬೆಳೆಗಳು. ಮನೆಯಲ್ಲಿ ಸಿಗುವ ಶೇಂಗಾ ಹಿಂಡಿ, ಬೂಸಲು ಹಿಡಿದ ಜೋಳವನ್ನು ಹಕ್ಕಿಗೆ ಹಾಕುವುದು ವಾಡಿಕೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿಕೋಳಿಗಳು ಕಾರಣ ತಿಳಿಯದೆ ಸತ್ತವು, ಬಾತಿನ ಮರಿಗಳೂ ಸತ್ತವು. ಹುಡುಕುತ್ತ ಹೋದಾಗ ಮೇವಿನಲ್ಲಿದ್ದ ಬೂಸಲು ಹಿಡಿದ ಶೇಂಗಾ ಹಿಂಡಿ ಸಿಕ್ಕಿತು, ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಸಿಕ್ಕಿತು. ಸಾಕುಹಕ್ಕಿಗಳಲ್ಲಿ ಈ ವಿಷಕ್ಕೆ ಬೇಗ ಬಲಿಯಾಗುವುದು ಬಾತಿನ ಮರಿ. ಎಷ್ಟರ ಮಟ್ಟಿಗೆಂದರೆ ಈ ವಿಷವನ್ನು ಪತ್ತೆಹಚ್ಚಲು ಪ್ರಯೋಗಾಲಯಗಳಲ್ಲಿ ಬಾತಿನ ಮರಿಗಳನ್ನೇ ಬಳಸುತ್ತಿದ್ದರು. ಕೋಳಿಮರಿ ತಿಂದು ಬದುಕಿತೆಂದು ಬಾತಿನ ಮರಿಗೆ ಅದನ್ನೇ ಹಾಕಬಾರದು. ಶೇಂಗಾ ಹಿಂಡಿಯನ್ನು ಬಾತಿನ ಮೇವಿನಿಂದ ಪೂರ್ತಿ ದೂರವಿಡಿ. ಮೆಕ್ಕೆಜೋಳದಲ್ಲಿ ಸ್ವಲ್ಪ ಮುಗ್ಗಲು ವಾಸನೆ ಬಂದರೂ ಬೇಡ. ಬದಲಿಗೆ ನೆನೆಸಿದ ರಾಗಿ, ಅಕ್ಕಿನುಚ್ಚು, ಹೊಸದುರ್ಗದ ಕಡೆ ಬೆಳೆಯುವ ಸಾವೆ, ನವಣೆಯ ನುಚ್ಚು, ತೌಡು, ಸೋಯಾ ಹಿಂಡಿ, ಒಣಮೀನಿನ ಪುಡಿ, ಸೊಪ್ಪು ಕೊಡಬಹುದು. ಬಾತಿನ ಮರಿಗೆ ಕೋಳಿಮರಿಗಿಂತ ಹೆಚ್ಚು ನಯಾಸಿನ್ ಜೀವಸತ್ವ ಬೇಕು. ಕೊರತೆಯಾದರೆ ಎರಡು ಮೂರು ವಾರದಲ್ಲಿ ಕಾಲು ಸೊಟ್ಟಗಾಗುತ್ತದೆ. ಮೇವಿಗೆ ಒಂದಿಷ್ಟು ಈಸ್ಟ್ ಪುಡಿ ಬೆರೆಸಿದರೆ ಇದು ತಪ್ಪುತ್ತದೆ.

ಬಸವನಹುಳುವಿಗೆ ಮೆಟಾಲ್ಡಿಹೈಡ್ ವಿಷದ ತುಣುಕು ಹಾಕಿದ ತೋಟಕ್ಕೆ ಬಾತು ಬಿಡಬಾರದು. ಬಾತುಪ್ಲೇಗಿಗೆ ಲಸಿಕೆಯಿದೆ, ಮರಿಗೆ ಎರಡು ತಿಂಗಳಾಗುವ ಹೊತ್ತಿಗೆ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ ಹಾಕಿಸಬೇಕು. ಚಳಿಗಾಲದಲ್ಲಿ ವಲಸೆ ಬಾತುಗಳು ಇಳಿಯುವ ಕೆರೆಗಳಿಗೆ ಸಾಕುಬಾತುಗಳನ್ನು ಅಟ್ಟದಿರುವುದು ಕ್ಷೇಮ. ಹಕ್ಕಿಜ್ವರ 2012ರ ಅಕ್ಟೋಬರಿನಲ್ಲಿ ಹೆಸರಘಟ್ಟಕ್ಕೇ ಬಂದಿತ್ತು, 2014ರಲ್ಲಿ ಕೇರಳದ ಕುಟ್ಟನಾಡಿನ ಬಾತುಗಳಿಗೂ ಬಂದಿತ್ತು. ಕೆರೆಯಂಚಿನ ಕಾಡುಬಾತಿನ ಮೊಟ್ಟೆ ತಂದು ಹೇಟೆಗೆ ಕೂರಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ನಾಲ್ಕು ತಾಲ್ಲೂಕು, ಒಂದು ಪಂಚಾಂಗ

ಹೊಳಲ್ಕೆರೆಯ ಅಡಿಕೆ ತೋಟಗಳ ನೆರಳು, ತೇವ ಬಾತಿಗೆ ಹಿತ. ಹೊಸದುರ್ಗದ ತೆಂಗಿನ ತೋಟಗಳೂ ಹಾಗೆಯೇ. ಹಿರಿಯೂರಿನಲ್ಲಿ ವಾಣಿವಿಲಾಸದ ಕಾಲುವೆ ಬಯಲಿಗೊಂದು ಲೆಕ್ಕ, ಖುಷ್ಕಿ ಹಳ್ಳಿಗೆ ಇನ್ನೊಂದು ಲೆಕ್ಕ. ಚಿತ್ರದುರ್ಗದಲ್ಲಿ ಭೀಮಸಮುದ್ರದ ಕಡೆ ತೋಟವಿದೆ, ಉಳಿದೆಡೆ ಈರುಳ್ಳಿ, ಶೇಂಗಾ, ಮೆಕ್ಕೆಜೋಳದ ಬಯಲು. ಖುಷ್ಕಿ ಹಳ್ಳಿಗಳಲ್ಲಿ ತೊಟ್ಟಿ ನೀರಿಗೆ ಹೊಂದುವ ಮಸ್ಕೋವಿಯ ನಾಲ್ಕೈದು ಹಕ್ಕಿ ಸಾಕು. ತೋಟದವರು ಖಾಕಿ ಕ್ಯಾಂಪ್‌ಬೆಲ್ ಇಟ್ಟುಕೊಂಡು ನಾಟಿ ಹೇಟೆಯಿಂದ ಮರಿ ತೆಗೆಸಬಹುದು.

ಕಾಲ ಮಾತ್ರ ನಾಲ್ಕೂ ಕಡೆ ಒಂದೇ. ಫೆಬ್ರುವರಿ ಕೊನೆಯಿಂದ ಮೇ ತಿಂಗಳವರೆಗೆ ಕಾವಿಗೆ ಇಡುವುದು ಬೇಡ. ಈ ಸೀಮೆಯಲ್ಲಿ ಮಳೆ ಹೆಚ್ಚು ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆಶ್ಲೇಷ ಮಳೆಯ ಕೊನೆಯ ವಾರ ಮೊಟ್ಟೆ ಕೂಡಿಟ್ಟು ಮಘೆ ಹುಟ್ಟುವಾಗ ಹೇಟೆಯನ್ನು ಕೂರಿಸಿದರೆ ಉತ್ತರೆ ಮಳೆಯ ಹೊತ್ತಿಗೆ ಮರಿ ಕೈಗೆ ಬರುತ್ತದೆ. ಆಗ ಹವೆ ತಂಪು, ಹುಳ ಹುಪ್ಪಟೆ ಧಾರಾಳ, ಸೊಪ್ಪು ಎಲ್ಲೆಡೆ. ಆ ಮರಿಗಳಲ್ಲಿ ಹೆಣ್ಣುಗಳು ಮುಂದಿನ ಬೇಸಿಗೆ ಶುರುವಾಗುವಾಗ ಮೊಟ್ಟೆಗೆ ಬರುತ್ತವೆ.

ಈ ಸೀಮೆಯಲ್ಲಿ ಬಾತು ಉಳಿಯುತ್ತದೋ ಇಲ್ಲವೋ ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ಕಾವಿಗೆ ಕೂರುವ ತಾಯಿಯನ್ನು ಮೊದಲು ಗೊತ್ತುಮಾಡಿಕೊಂಡು ಆಮೇಲೆ ಬಾತು ತಂದರೆ ಉಳಿಯುತ್ತದೆ. ಮರಿ ಹಂಚುವ ಯೋಜನೆಗಳು ಈ ಮಾತನ್ನು ಗಮನಿಸಬೇಕು. ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರ, ತಾಲ್ಲೂಕು ಪಶು ಆಸ್ಪತ್ರೆಗಳು ಮಳೆಗಾಲದ ಮುನ್ನ ಹೆಣ್ಣುಮಕ್ಕಳ ಸಂಘಗಳಿಗೆ ಕಾವು, ಮರಿ, ಮೇವಿನ ಬಗ್ಗೆ ಒಂದು ದಿನದ ತರಬೇತಿ ಕೊಟ್ಟರೂ ಸಾಕು. ನಾಟಿ ಹೇಟೆ ಕೂರಿಸಿ ಮರಿ ತೆಗೆಸುವ ವಿದ್ಯೆ ಅವರಲ್ಲಿ ಈಗಾಗಲೇ ಇದೆ. ಒಂದು ವಾರ ಹೆಚ್ಚು ಕಾವು, ಒಂದಿಷ್ಟು ತೇವ, ಕಡಿಮೆ ಗಂಡು, ಶೇಂಗಾ ಹಿಂಡಿಯಿಲ್ಲದ ಮೇವು, ಇಷ್ಟನ್ನು ಅದಕ್ಕೆ ಸೇರಿಸಿಕೊಳ್ಳಿ.